ಯಾರ ಬಲ?

ಹೆಬ್ಬಗೋಡಿಯ ನೆರೆಹೊರೆ ರಂಗಬಳಗಕ್ಕೆ ಒಂದು ನಿಯಮಾವಳಿ ಇತ್ತು. ಅದನ್ನು ಬರೆದವರು ವಸಂತಮ್ಮ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತಾರು ವರ್ಷ ಪಾಠ ಹೇಳಿ, ಕೊನೆಗೆ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಅವರು, ನಿಯಮವಿಲ್ಲದ ಕೂಟವನ್ನು ಸಂತೆ ಎನ್ನುತ್ತಿದ್ದರು. ಸಂತೆಯಲ್ಲಿ ಕೂಗಿದವನದೇ ಬೆಲೆ. ಕೂಗಲಾರದವನು ತಂದ ಸರಕು ಎಷ್ಟೇ ಚೊಕ್ಕಟವಾಗಿದ್ದರೂ ಸಂಜೆಗೆ ಬುಟ್ಟಿಯಲ್ಲೇ ಬಾಡುತ್ತದೆ. ಹಾಗಾಗಬಾರದೆಂದು ಅವರು ತಮ್ಮ ದುಂಡಕ್ಷರದಲ್ಲಿ ಬರೆದಿಟ್ಟಿದ್ದರು: ವರ್ಷಕ್ಕೆ ಮೂರು ನಾಟಕ. ಬಂದ ಎಲ್ಲ ನಾಟಕಗಳನ್ನೂ ಸಮಿತಿಯ ಎದುರು ಮೊದಲಿಂದ ಕೊನೆಯವರೆಗೆ ಓದತಕ್ಕದ್ದು. ಓದಿದ ಮೇಲೆ ಸದಸ್ಯರು ಇಪ್ಪತ್ತೈದಕ್ಕೆ ಇಷ್ಟೆಂದು ಅಂಕ ಕೊಡತಕ್ಕದ್ದು. ಹೆಚ್ಚು ಅಂಕ ಬಂದ ಮೂರನ್ನು ಸಮುದಾಯ ಭವನದಲ್ಲಿ ಆಡತಕ್ಕದ್ದು. ಆಡುವವರು ಯಾರು, ಯಾರ ಮನೆಯವರು, ಎಲ್ಲಿಂದ ಬಂದವರು ಎಂದು ಕೇಳಕೂಡದು.

ಕೊನೆಯ ವಾಕ್ಯಕ್ಕೆ ಅವರು ಅಡಿಗೆರೆ ಎಳೆದಿದ್ದರು. ಎಳೆಯಲು ಕಾರಣವಿತ್ತು. ಬಳಗ ಹುಟ್ಟಿದ ಮೊದಲೆರಡು ವರ್ಷ ಊರಿನ ಹಳೆಯ ಮನೆತನದವರು ಪೌರಾಣಿಕ ನಾಟಕ ಆಡಿದರು, ಎಲೆಕ್ಟ್ರಾನಿಕ್ ಸಿಟಿಯ ಕಡೆಯ ಅಪಾರ್ಟ್‌ಮೆಂಟಿನವರು ನಗೆನಾಟಕ ಆಡಿದರು. ಬಾಡಿಗೆ ಕೋಣೆಗಳಲ್ಲಿದ್ದ ಉತ್ತರ ಕರ್ನಾಟಕದ ಜನ ಮಾತ್ರ ಕುರ್ಚಿ ಹೊತ್ತರು, ಪರದೆ ಎಳೆದರು, ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಊರಿನ ಅರ್ಧಕ್ಕಿಂತ ಹೆಚ್ಚು ಮಂದಿ ಅವರೇ. ಒಂದು ಊರಿನ ಅರ್ಧ ಜನ ಇನ್ನರ್ಧ ಜನರ ಆಟವನ್ನು ನೋಡುವುದಕ್ಕೇ ಹುಟ್ಟಿದವರೆಂದು ಯಾವ ಧರ್ಮದಲ್ಲಿ ಬರೆದಿದೆ? ವಸಂತಮ್ಮನವರಿಗೆ ಇದು ನೆತ್ತಿಯ ಮೇಲಿನ ಕೆಂಡವಾಯಿತು. ಮೂರನೆಯ ವರ್ಷ ಅವರೇ ಕೋಣೆಗಳ ಸಾಲಿಗೆ ನಡೆದು ಹೋಗಿ, ಬೊಮ್ಮಸಂದ್ರದ ಒಂದು ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುವ ಭೀಮಪ್ಪನನ್ನು ಕಂಡರು. ಅವನು ಯಾದಗಿರಿ ಕಡೆಯವನು. ಊರಿನಲ್ಲಿದ್ದಾಗ ನಾಟಕಗಳಿಗೆ ಪರದೆಯ ಹಿಂದೆ ನಿಂತು ಮಾತು ಒದಗಿಸುತ್ತಿದ್ದವನು.

"ನೀವೂ ಒಂದು ನಾಟಕ ಕೊಡಿ. ಚೆನ್ನಾಗಿದ್ದರೆ ಆಡಿಸುವ ಜವಾಬ್ದಾರಿ ನನ್ನದು" ಎಂದರು ವಸಂತಮ್ಮ. ಅವರ ಮಾತೂ ಪುಸ್ತಕದ ಕನ್ನಡಕ್ಕೆ ಹತ್ತಿರ.

"ನಮ್ಮನ್ನ ಸ್ಟೇಜಿಗೆ ಹತ್ತಸ್ತಾರೇನ್ರಿ ಅಕ್ಕೋರ?" ಎಂದು ಭೀಮಪ್ಪ ನಕ್ಕ. ಅವರ ಕಡೆ ಶಾಲೆಯ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. "ಹತ್ತಸ್ತಾರ. ಕಸಾ ಹೊಡ್ಯಾಕ."

"ನಾನು ಮಾತು ಕೊಡುತ್ತಿದ್ದೇನೆ, ಭೀಮಪ್ಪ."

ಅವನ ನಗು ನಿಂತಿತು. ಎರಡು ತಿಂಗಳಲ್ಲಿ, ಕಾರ್ಖಾನೆಯ ರದ್ದಿ ಹಾಳೆಗಳ ಹಿಂಬದಿಯಲ್ಲಿ, ಅವನು 'ಪಾಳಿ' ಎಂಬ ನಾಟಕ ಬರೆದು ತಂದ.

ಗಂಡನದು ರಾತ್ರಿ ಪಾಳಿ, ಹೆಂಡತಿಯದು ಹಗಲು ಪಾಳಿ. ಒಂದೇ ಕೋಣೆ, ಒಂದೇ ಚಾಪೆ. ಅವನು ಎದ್ದಾಗ ಅವಳು ಮಲಗಬೇಕು. ಇಬ್ಬರೂ ಒಟ್ಟಿಗೆ ಎಚ್ಚರವಿರುವುದು ಸಂಜೆ ಅರ್ಧ ಗಂಟೆ, ಮನೆಯೊಡತಿ ಮೋಟಾರು ಹಾಕಿ ನೀರು ಬಿಟ್ಟಾಗ. ಸಂಸಾರದ ಮಾತು, ಜಗಳ, ಪ್ರೀತಿ, ಊರಿನಿಂದ ಬಂದ ಸಾವಿನ ಸುದ್ದಿ, ಎಲ್ಲವೂ ನಲ್ಲಿಯ ಸಾಲಿನಲ್ಲಿ ಕೊಡ ತುಂಬುವಷ್ಟರಲ್ಲಿ ನಡೆಯಬೇಕು. ಮೋಟಾರು ಕೋಣೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಮನೆಯೊಡತಿ ಆಗಾಗ ಬಂದು, "ಎಷ್ಟ್ ಮಾತಾಡ್ತೀರಮ್ಮಾ, ಕರೆಂಟ್ ಬಿಲ್ಲು ನಿಮ್ಮಪ್ಪ ಕಟ್ತಾನಾ?" ಎನ್ನುತ್ತಾಳೆ. ಇಷ್ಟೇ ನಾಟಕ. ಗಂಡ ಹೆಂಡತಿಯಾಗಿ ಆಡಬೇಕಾದವರು ಮುತ್ತು ಮತ್ತು ಸವಿತಾ. ನಿಜವಾಗಿಯೂ ಗಂಡ ಹೆಂಡತಿ. ನಿಜವಾಗಿಯೂ ಅವನದು ರಾತ್ರಿ ಪಾಳಿ, ಅವಳದು ಗಾರ್ಮೆಂಟ್ಸಿನಲ್ಲಿ ಹಗಲು. ಭಾನುವಾರಗಳಂದು ವಸಂತಮ್ಮನವರೇ ಅವರಿಗೆ ಅಭ್ಯಾಸ ಮಾಡಿಸತೊಡಗಿದರು.

ಆಡುವುದಿದ್ದರೆ ಈ ವರ್ಷವೇ ಆಡಬೇಕಿತ್ತು. ಮುತ್ತು, ಭೀಮಪ್ಪ ಕೆಲಸ ಮಾಡುವ ಘಟಕ ಯುಗಾದಿಯ ಹೊತ್ತಿಗೆ ತುಮಕೂರಿನ ಆಚೆಗೆ ಹೋಗುವುದೆಂದು ನೋಟಿಸು ಬಂದಿತ್ತು. ತಂಡದ ಮುಕ್ಕಾಲು ಪಾಲು ಜನ ಆಗ ಗಂಟುಮೂಟೆ ಕಟ್ಟುವವರು.

ಸಮಿತಿಯ ಎದುರು ವಸಂತಮ್ಮ ಐದು ನಾಟಕಗಳನ್ನು ಮೂರು ಭಾನುವಾರ ಕುಳಿತು ಓದಿದರು. ಆ ವರ್ಷ ಕೋಣೆಗಳ ಕಡೆಯಿಂದ ಸಮಿತಿಗೆ ಸೇರಿದ್ದ ಭೀಮಪ್ಪ, ತನ್ನ ನಾಟಕಕ್ಕೆ ತಾನು ಅಂಕ ಕೊಡಕೂಡದೆಂದು, ಹೊರಗೆ ಕುಳಿತಿದ್ದ. ಮನೆಯೊಡತಿಯ ದೃಶ್ಯ ಬಂದಾಗ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಬಳಗದ ಅಧ್ಯಕ್ಷರಾದ ಲಕ್ಷ್ಮಯ್ಯನವರು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅವರ ಹೊಲದಲ್ಲಿ ಈಗ ಅರವತ್ತು ಬಾಡಿಗೆ ಕೋಣೆಗಳು. ಭೀಮಪ್ಪ, ಮುತ್ತು, ಸವಿತಾ ಎಲ್ಲರೂ ಇರುವುದು ಅಲ್ಲಿಯೇ. ಕಣ್ಣೊರೆಸಿಕೊಂಡು ಅವರು ಇಪ್ಪತ್ತೈದಕ್ಕೆ ಇಪ್ಪತ್ತೆರಡು ಅಂಕ ಬರೆದರು. 'ಪಾಳಿ'ಗೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು. ಎರಡನೆಯದು ಲಕ್ಷ್ಮಯ್ಯನವರ ಪೌರಾಣಿಕ, ಮೂರನೆಯದು ಅಪಾರ್ಟ್‌ಮೆಂಟಿನವರ ನಗೆನಾಟಕ. ಬೆಂಗಳೂರಿನ ಬಾಡಿಗೆ ತಂಡವೊಂದು ಕಳಿಸಿದ ಹಾಸ್ಯ ನಾಲ್ಕನೆಯದಾಯಿತು. ವಸಂತಮ್ಮ ಪಟ್ಟಿಯನ್ನು ಶುದ್ಧಪ್ರತಿ ಮಾಡಿದರು.

ಆದರೆ ಆ ಸಂಜೆ ಲಕ್ಷ್ಮಯ್ಯನವರು ಮನೆಗೆ ಹೋಗಿ, ಊಟಕ್ಕೆ ಕುಳಿತು, ನಾಟಕದ ಕಥೆಯನ್ನು ತಾಯಿಗೆ ಹೇಳಿದರು. ತಾಯಿ ಪಿಳ್ಳಮ್ಮನವರಿಗೆ ಎಂಬತ್ತು ವರ್ಷ. ಅರವತ್ತು ಕೋಣೆಗಳ ಮೋಟಾರಿನ ಬೀಗದಕೈ ಇಂದಿಗೂ ಅವರ ಸೊಂಟದಲ್ಲೇ ಇದೆ. ನಗುತ್ತ ಹೇಳಿದ ಮಗ, ತಾಯಿಯ ಮುಖ ನೋಡಿ, ಅರ್ಧಕ್ಕೇ ನಿಲ್ಲಿಸಿದರು. ಕೇಳಿದಾಗ ಕಾಣದ ಹೋಲಿಕೆ ಹೇಳಿದಾಗ ಕಂಡಿತು.

ಮುಂದಿನ ಸಭೆಯಲ್ಲಿ ಅವರು ತಾಯಿಯ ಹೆಸರನ್ನೇ ಎತ್ತಲಿಲ್ಲ. ಎತ್ತಿದ್ದರೆ ವಸಂತಮ್ಮ ಉತ್ತರ ಕೊಡಬಹುದಿತ್ತು.

"ಮೇಡಂ, ಮಾರ್ಕ್ಸು ನಾನೇ ಕೊಟ್ಟಿದ್ದು, ಇಲ್ಲ ಅನ್ನಾಕಿಲ್ಲ. ಆದ್ರೆ ಒಂದ್ ಮಾತು. ಭವನ ಇರಾದು ಯಾರ್ ಜಾಗದಲ್ಲಿ? ಪಟಾಲಮ್ಮನ ಜಾಗದಲ್ಲಿ. ಅಮ್ಮನ್ನ ಒಂದ್ ಹೂ ಕೇಳ್ಬುಡಾನ."

ಹೂ ಕೇಳುವುದೆಂದರೆ ಏನೆಂದು ಅಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಮದುವೆ, ಮನೆ, ಕೊಳವೆಬಾವಿ, ಏನೇ ಇದ್ದರೂ ಊರದೇವತೆ ಪಟಾಲಮ್ಮನ ಎರಡು ಭುಜಕ್ಕೂ ಒದ್ದೆ ಹೂವನ್ನು ಅಂಟಿಸಿ ಕಾಯುತ್ತಾರೆ. ಬಲಗಡೆಯದು ಉದುರಿದರೆ ಆಗಲಿ ಎಂದು ಅರ್ಥ. ಎಡಗಡೆಯದು ಉದುರಿದರೆ ಬೇಡ ಎಂದು.

"ಎರಡು ವರ್ಷ ಕೇಳಲಿಲ್ಲವಲ್ಲ, ಲಕ್ಷ್ಮಯ್ಯನವರೇ?"

"ಅದ್ಕೇ ಅಲ್ವಾ ಓದೊರ್ಸ ನಾಟ್ಕದ ಮದ್ಯ ಮೈಕು ಸುಟ್ಟೋಗಿದ್ದು?"

"ಮೈಕು ಸುಟ್ಟದ್ದು ನಿಮ್ಮ ತಮ್ಮನ ಮಗ ವೈರನ್ನು ಅದಲುಬದಲು ಸಿಕ್ಕಿಸಿದ್ದರಿಂದ."

"ಅವನ್ ಕೈಲಿ ಅಂಗೆ ಸಿಕ್ಕಿಸ್ದೋರು ಯಾರು ಅಂತೀನಿ?" ಲಕ್ಷ್ಮಯ್ಯನವರು ಸುತ್ತಲೂ ನೋಡಿದರು. ಅವರ ಕಡೆಯ ಇಬ್ಬರು ಸದಸ್ಯರು ತಲೆದೂಗಿದರು.

"ಹಾಗಿದ್ದರೆ ಮೂರು ನಾಟಕಕ್ಕೂ ಕೇಳಿ. ಒಂದಕ್ಕೇ ಏಕೆ?"

"ನಮ್ದು ದೇವ್ರ ಕತೆ ಮೇಡಂ. ದೇವ್ರ ಕತೆ ಆಡಾಕೆ ದೇವ್ರನ್ನೇ ಪರ್ಮಿಷನ್ ಕೇಳ್ತಾರಾ?"

"ಶ್ರೀಧರ್ ಅವರದು ದೇವರ ಕಥೆಯಲ್ಲವಲ್ಲ."

ಅಪಾರ್ಟ್‌ಮೆಂಟಿನ ಕಡೆಯಿಂದ ಬಳಗದ ಕಾರ್ಯದರ್ಶಿಯಾಗಿದ್ದ ಶ್ರೀಧರ್ ಮೊಬೈಲಿನಿಂದ ತಲೆ ಎತ್ತಿದ. "ಮೇಡಂ, ನಮ್ದು ಆಲ್ರೆಡಿ ಎಲ್ಲ ಗ್ರೂಪಲ್ಲೂ ಅನೌನ್ಸ್ ಆಗೋಗಿದೆ. ಜನ ಡೇಟ್ ಬ್ಲಾಕ್ ಮಾಡ್ಕೊಂಡಿದ್ದಾರೆ. ಈಗ ರಿವರ್ಸ್ ಮಾಡೋದು ಕಷ್ಟ."

ದೇವರಿಗೆ ದೇವರ ಕಥೆಯ ಮೇಲೆ ಅಧಿಕಾರವಿಲ್ಲ. ವಾಟ್ಸಾಪಿನಲ್ಲಿ ಬಂದದ್ದರ ಮೇಲೂ ಅಧಿಕಾರವಿಲ್ಲ. ಬಡವರ ನಾಟಕದ ಮೇಲೆ ಮಾತ್ರ ಪೂರ್ಣಾಧಿಕಾರ. ಇಂಥ ಅನ್ಯಾಯವನ್ನು ಅನ್ಯಾಯವೆಂದು ಬಾಯಿಬಿಟ್ಟು ಹೇಳುವವರೊಬ್ಬರು ಬೇಕಲ್ಲವೆ ಎಂದು ವಸಂತಮ್ಮ ಭೀಮಪ್ಪನ ಕಡೆ ತಿರುಗಿದರು. ಅವನು ಬೇಡವೆಂದರೆ ಸಾಕು, ನಿಯಮಾವಳಿ ಹಿಡಿದು ನಿಲ್ಲುವುದಕ್ಕೆ ಅವರು ಸಿದ್ಧರಿದ್ದರು.

"ಕೇಳೂಣ್ರಿ ಅಕ್ಕೋರ" ಎಂದ ಭೀಮಪ್ಪ. "ದೇವ್ರ ಮುಂದ ಮಾಲಕ, ಬಾಡಗಿಯಾಂವ ಅಂತ ಭೇದ ಇರಂಗಿಲ್ರಿ. ಅಕಿ ಹ್ಞೂಂ ಅಂದ್ಲಂದ್ರ ಮುಂದ ಯಾರೂ ತಕರಾರ ತಗ್ಯಾಂಗಿಲ್ಲ."

"ಬೇಡ ಎಂದರೆ?"

"ಯಾಕ ಬ್ಯಾಡ ಅಂತಾಳ್ರಿ? ನೀರಿಗೆ ನಿಂತ ಹೆಣ್ಣಮಗಳ ಕತಿ ಐತಿ ಅದು. ಅಕಿನೂ ಹೆಣ್ಣಮಗಳ."

ಲಕ್ಷ್ಮಯ್ಯನವರು ಭೀಮಪ್ಪನ ಬೆನ್ನು ತಟ್ಟಿದರು. "ನೋಡಿ ಮೇಡಂ. ಅವನ್ಗೇ ಇಲ್ದಿರೋ ತಕರಾರು ನಿಮ್ಗ್ಯಾಕೆ?"

ಯಾರ ಪರವಾಗಿ ವಾದಿಸಬೇಕೋ ಅವನೇ ಎದುರು ಪಕ್ಷಕ್ಕೆ ಕೈ ಜೋಡಿಸಿದ ಮೇಲೆ ವಕೀಲನ ಬಾಯಿಗೆ ಬೀಗ ಬಿದ್ದಂತೆಯೇ. ವಸಂತಮ್ಮ ತಮ್ಮ ಅಸಮ್ಮತಿಯನ್ನು ಹೇಳಿದರು. ಹೇಳಿದ್ದನ್ನು ಎಲ್ಲರೂ ಗೌರವದಿಂದ ಕೇಳಿದರು. ಸಭೆ ಮುಗಿಯಿತು.

ದೇವಿಯ ವಾರ ಶುಕ್ರವಾರ. ಬೆಳಿಗ್ಗೆ ಹತ್ತು ಗಂಟೆಗೆ ಭವನದ ಪಕ್ಕದ ಗುಡಿಯ ಮುಂದೆ ಜನ ಸೇರಿತು. ಸವಿತಾ ಸೂಪರ್‌ವೈಸರನ ಕೈಕಾಲು ಹಿಡಿದು ಅರ್ಧ ದಿನದ ರಜೆ ತೆಗೆದುಕೊಂಡಿದ್ದಳು. ಮುತ್ತು ರಾತ್ರಿ ಪಾಳಿ ಮುಗಿಸಿ, ಮಲಗದೆ, ಕೆಂಪು ಕಣ್ಣಿನಲ್ಲೇ ಬಂದಿದ್ದ. ಕೋಣೆಗಳ ಸಾಲಿನಿಂದ ಮೂವತ್ತು ನಲವತ್ತು ಜನ ಬಂದಿದ್ದರು. ದೇವಿ ತಮ್ಮನ್ನು ಏನು ಕೇಳುವಳೋ ಎಂಬಂತೆ ಎಲ್ಲರೂ ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟಿದ್ದರು. ಪಿಳ್ಳಮ್ಮನವರು ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ.

ಪೂಜಾರಿ ಚಿನ್ನಪ್ಪ ಕಲ್ಲಿನ ವಿಗ್ರಹವನ್ನು ತೊಳೆದು, ಎರಡು ಭುಜಗಳಿಗೂ ಒದ್ದೆ ಕಣಗಿಲೆ ಹೂ ಅಂಟಿಸಿದ. "ತಾಯೀ, ಈ ಮಕ್ಳು ನಿನ್ ಜಾಗದಲ್ಲಿ ನಾಟ್ಕ ಆಡ್ತೀವಿ ಅಂತವ್ರೆ. ಆಗ್ಲಿ ಅಂದ್ರೆ ಬಲಕ್ಕೆ ಕೊಡು. ಬ್ಯಾಡ ಅಂದ್ರೆ ಎಡಕ್ಕೆ ಕೊಡು" ಎಂದು ಹೇಳಿ ಪಕ್ಕಕ್ಕೆ ಸರಿದು ಕೈಮುಗಿದ.

ಕಾದರು. ಹೊಸೂರು ರಸ್ತೆಯ ಬಸ್ಸುಗಳ ಹಾರನ್ನು ಬಿಟ್ಟರೆ ಬೇರೆ ಸದ್ದಿಲ್ಲ. ವಸಂತಮ್ಮ ಗುಂಪಿನ ಹಿಂದೆ, ಚಪ್ಪಲಿಗಳ ಹತ್ತಿರ ನಿಂತಿದ್ದರು. ಅವರು ನಾಸ್ತಿಕರಲ್ಲ, ಮನೆಯಲ್ಲಿ ದೀಪ ಹಚ್ಚುತ್ತಾರೆ. ಆದರೆ ತಾನೇ ಓದಿ, ತಾನೇ ಯೋಚಿಸಿ, ತಾನೇ ಉತ್ತರ ಕೊಡಬೇಕಾದ ಕೆಲಸವನ್ನು ದೇವರ ತಲೆಗೆ ಕಟ್ಟುವುದು ಭಕ್ತಿಯಲ್ಲ, ಸೋಮಾರಿತನ. ಸೋಮಾರಿತನವೂ ಅಲ್ಲ, ಹೇಡಿತನ ಎಂಬುದು ಅವರ ಖಚಿತ ಅಭಿಪ್ರಾಯ. ಅಂಥ ಅಭಿಪ್ರಾಯವಿದ್ದೂ ಅವರ ಕಣ್ಣು ಹೂವನ್ನು ಬಿಟ್ಟು ಕದಲಲಿಲ್ಲ. ನೀರು ಆರುತ್ತ ಬಂದಂತೆ ಒಂದು ಕಡೆಯ ಹೂ ಸ್ವಲ್ಪ ಜಾರಿತು. ನಿಂತಿತು. ಮತ್ತೆ ಜಾರಿ, ದೇವಿಯ ಮಡಿಲಿಗೆ ತಾಗಿ, ಕೆಳಗೆ ಬಿತ್ತು.

"ಬಲಕ್ಕ ಬಿತ್ತು! ಬಲಕ್ಕ ಬಿತ್ತು!" ಎಂದು ಭೀಮಪ್ಪ ಎರಡು ಕೈಯನ್ನೂ ಮೇಲೆತ್ತಿದ. ಹಿಂದಿನಿಂದ ಕೇಕೆ ಎದ್ದಿತು. ಯಾರೋ ಮುತ್ತುವನ್ನು ಎತ್ತಿಯೇ ಬಿಟ್ಟರು. ಸವಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳ ಕಣ್ಣು ತುಂಬಿ ಬಂದಿತ್ತು.

ಲಕ್ಷ್ಮಯ್ಯನವರು ಗದ್ದಲ ತಗ್ಗಿದ ಮೇಲೆ ಬಹಳ ಮೃದುವಾಗಿ ಕೇಳಿದರು:

"ಯಾರ್ ಬಲ?"

ಭೀಮಪ್ಪ ತನ್ನ ಬಲಗೈ ತೋರಿಸಿದ. "ಇದ್ರಿ. ನಮ್ಮ ಬಲ. ಕೇಳಾವ್ರ ಬಲ."

"ನಿನ್ ಬಲ ಆಯ್ತಪ್ಪ. ಅಮ್ಮ ನಮ್ ಕಡೀಕೆ ಮುಖ ಮಾಡ್ಕೊಂಡವ್ಳೆ. ಅವ್ಳಿಗೆ ಅದು ಯಾವ್ ಕಡೆ?"

"ನಮ್ಮೂರ ಗುಡ್ಯಾಗ ಕೇಳಾವ್ರ ಬಲಗೈನ ಲೆಕ್ಕರಿ. ಹುಟ್ಟಿದಾಗಿಂದ ನೋಡೇನಿ."

"ನಿಮ್ಮೂರ್ ದೇವ್ರು ನಿಮ್ಮೂರಲ್ಲಿ. ಇವ್ಳು ನಮ್ಮೂರವ್ಳು. ಏನ್ಲಾ ಚಿನ್ನಪ್ಪ?"

"ಅಮ್ಮನ್ ಬಲಾನೇ ಲೆಕ್ಕ" ಎಂದ ಪೂಜಾರಿ, ನೆಲ ನೋಡುತ್ತ.

"ಪೂಜಾರಿ ಹಂಗ ಅನ್ನಾಂವನ" ಎಂದು ಹಿಂದಿನಿಂದ ಒಬ್ಬ ಕೂಗಿದ. "ಅಂವಾ ಇರೂದು ಲಕ್ಷ್ಮಯ್ಯನ ಕೋಣ್ಯಾಗ!"

ಗುಂಪು ಗುಜುಗುಜು ಎಂದಿತು. ಲಕ್ಷ್ಮಯ್ಯನವರ ಕಡೆಯವರು ಒಂದೆರಡು ಹೆಜ್ಜೆ ಮುಂದೆ ಬಂದರು. "ಯಾವನ್ಲಾ ಅವ್ನು?" ಎಂದಿತು ಒಂದು ದನಿ. ಜಗಳ ಹತ್ತುವುದಕ್ಕೆ ಒಂದು ಮಾತು ಸಾಕಿತ್ತು. ಆಗ ಭೀಮಪ್ಪ ಎರಡೂ ಕಡೆಗೆ ಕೈ ಅಡ್ಡ ಹಿಡಿದು, ಅಲ್ಲಿದ್ದವರೆಲ್ಲರೂ ಒಪ್ಪಬಹುದಾದ ಒಂದೇ ಒಂದು ಮಾತನ್ನು ಆಡಿದ.

"ಬ್ಯಾಡ. ಅಕ್ಕೋರು ಹೇಳ್ಲಿ. ಅಕ್ಕೋರು ಯಾವ್ದು ಅಂತಾರ, ಅದ ಬಲ."

"ಆಯ್ತು. ಮೇಡಂ ಏಳ್ಲಿ" ಎಂದರು ಲಕ್ಷ್ಮಯ್ಯನವರೂ. "ನಾನೂ ಒಪ್ತೀನಿ."

ಗುಂಪು ಇಬ್ಭಾಗವಾಗಿ ದಾರಿ ಬಿಟ್ಟಿತು. ವಸಂತಮ್ಮ ಮುಂದೆ ಬರಬೇಕಾಯಿತು.

ಯಾವ ಪ್ರಶ್ನೆಗೆ ಉತ್ತರ ಬೇಕಾಗಿತ್ತೋ ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಈ ನಾಟಕ ಆಡಲು ಯೋಗ್ಯವೋ ಅಲ್ಲವೋ ಎಂದು ಕೇಳಿದ್ದರೆ ಅವರು ಆ ಗುಡಿಯ ಕಟ್ಟೆಯ ಮೇಲೆ ನಿಂತು ಒಂದು ಗಂಟೆ ಮಾತನಾಡುತ್ತಿದ್ದರು. ಕೇಳಿದ್ದು, ಬಲ ಯಾವುದು, ಎಡ ಯಾವುದು. ಒಂದನೆಯ ತರಗತಿಯ ಮಗುವಿಗೆ ಕೇಳುವ ಪ್ರಶ್ನೆ. ಸವಿತಾಳನ್ನು ಅವರು ನೋಡಿದರು. ಅವಳ ನಗು ಆಗಲೇ ಅರ್ಧ ಇಳಿದಿತ್ತು, ಏಕೆಂದರೆ ಉತ್ತರ ಅವಳಿಗೂ ಗೊತ್ತಿತ್ತು. ಹೋದ ತಿಂಗಳು ಅಭ್ಯಾಸದಲ್ಲಿ ಮುತ್ತು ಪದೇಪದೇ ತಪ್ಪು ಕಡೆಯಿಂದ ನಿರ್ಗಮಿಸುತ್ತಿದ್ದಾಗ, ವಸಂತಮ್ಮನವರೇ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ಹೇಳಿಕೊಟ್ಟಿದ್ದರು: ರಂಗದ ಬಲ ಎಂದರೆ ನಿಂತು ಆಡುವವರ ಬಲ, ಕುಳಿತು ನೋಡುವವರ ಬಲವಲ್ಲ. ಹತ್ತು ಸಲ ಹೇಳಿಸಿದ್ದರು.

ಸುಳ್ಳು ಹೇಳಬಹುದಿತ್ತು. ಆ ಯೋಚನೆ ಬರಲಿಲ್ಲವೆಂದಲ್ಲ, ಬಂತು. ಕೇಳುವವರ ಬಲವೇ ಲೆಕ್ಕ ಎಂದುಬಿಟ್ಟರೆ ಇಷ್ಟು ಜನ ಹರಸುತ್ತ ಮನೆಗೆ ಹೋಗುತ್ತಾರೆ. ಆದರೆ ಸುಳ್ಳು ಹೇಳಿದ ಮಕ್ಕಳನ್ನು ಮೂವತ್ತಾರು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವರು ಅವರು. ಅಂಥವರ ನಾಲಿಗೆ ತಪ್ಪು ಉತ್ತರದ ಕಡೆ ಹೊರಳುವುದಿಲ್ಲ. ಅದು ಅವರ ಗುಣವೋ, ರೂಢಿಯೋ, ಅವರಿಗೇ ತಿಳಿಯದು.

"ಹೂವು ಬಿದ್ದದ್ದು ದೇವಿಯ ಎಡಭುಜದಿಂದ" ಎಂದರು ವಸಂತಮ್ಮ. "ಆದರೆ ನಾಟಕವನ್ನು ಆರಿಸುವುದಕ್ಕೆ ಹೂವು..."

ಚಿನ್ನಪ್ಪ ಗಂಟೆ ಬಾರಿಸಿದ. ಮಂಗಳಾರತಿ ಎದ್ದಿತು. ಮುಂದೆ ನಿಂತಿದ್ದವರು ಗಲ್ಲ ಬಡಿದುಕೊಂಡರು. ಹೂವಿಗೆ ಅಂಥ ಅಧಿಕಾರವಿಲ್ಲ, ನಿಯಮ ಹೀಗಿದೆ, ಅಂಕ ಹೀಗಿವೆ, ಇದು ಅನ್ಯಾಯ ಎಂದು ಅವರು ಗಂಟಲು ಹರಿಯುವಂತೆ ಹೇಳಿದ ಎರಡನೆಯ ಅರ್ಧ ಯಾರ ಕಿವಿಗೂ ಬೀಳಲಿಲ್ಲ. ಗಂಟೆ ನಿಂತಾಗ ಅರ್ಧ ಜನ ಹೋಗಿಯಾಗಿತ್ತು. ಭೀಮಪ್ಪ ಆರತಿ ತಟ್ಟೆಗೆ ಕೈಯೊಡ್ಡಿ, ಕಣ್ಣಿಗೆ ಒತ್ತಿಕೊಂಡು, ಅವರಿಗೂ ಕೈಮುಗಿದು ನಡೆದ. ಆ ಮುಖದಲ್ಲಿ ಸಿಟ್ಟಿನ ಒಂದು ಗೆರೆಯಾದರೂ ಇದ್ದಿದ್ದರೆ ವಸಂತಮ್ಮನವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಭಾನುವಾರ ಶ್ರೀಧರ್ ಸ್ಕೂಟರಿನಲ್ಲಿ ನಡಾವಳಿ ಪುಸ್ತಕ ತಂದ. ಈ ಸಾಲಿನ ಮೂರು ನಾಟಕಗಳ ಪಟ್ಟಿಯಲ್ಲಿ 'ಪಾಳಿ' ಇದ್ದ ಜಾಗಕ್ಕೆ ನಾಲ್ಕನೆಯ ಅಂಕದ ಹಾಸ್ಯ ಬಂದಿತ್ತು. ಕೆಳಗೆ ಬರೆದಿತ್ತು: "ದೇವಿಯ ಅಪ್ಪಣೆಯನ್ನು ಶಿರಸಾವಹಿಸಿ, ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಸರ್ವಾನುಮತ ಎಂಬ ಪದದ ಕೆಳಗೆ ಮೊದಲ ರುಜು ಭೀಮಪ್ಪನದು.

"ಇದಕ್ಕೆ ನಾನು ರುಜು ಹಾಕುವುದಿಲ್ಲ" ಎಂದರು ವಸಂತಮ್ಮ. "ಸರ್ವರಲ್ಲಿ ನಾನೂ ಒಬ್ಬಳು. ನನ್ನ ಮತವಿಲ್ಲದೆ ಸರ್ವಾನುಮತ ಹೇಗಾಗುತ್ತದೆ?"

"ಪರ್ವಾಗಿಲ್ಲ ಮೇಡಂ. ನೀವ್ ಹಾಕ್ದಿದ್ರೂ ನಡಿಯತ್ತೆ. ಕೋರಂ ಇದೆ." ಶ್ರೀಧರ್ ಇದನ್ನು ಸಮಾಧಾನ ಹೇಳುವ ದನಿಯಲ್ಲೇ ಹೇಳಿದ. ತನ್ನ ಕೆಲಸ ಆಯಿತೆಂದು ಹೆಲ್ಮೆಟ್ ಹಾಕಿಕೊಂಡ. "ಆಕ್ಚುಲಿ ಆ ಪ್ಲೇ ನಂಗೂ ತುಂಬಾ ಇಷ್ಟ ಆಗಿತ್ತು."

ಇಷ್ಟವಾದದ್ದರ ಪರವಾಗಿ ಒಂದು ಮಾತು ಆಡದವನಿಗೆ ಏನು ಹೇಳುವುದು? ಎದುರು ನಿಂತವನೊಂದಿಗೆ ಹೋರಾಡಬಹುದು; ಪಕ್ಕದಲ್ಲಿ ನಿಂತು ಮೊಬೈಲ್ ನೋಡುವವನೊಂದಿಗೆ ಹೋರಾಡುವ ಬಗೆ ಹೇಗೆ? ವಸಂತಮ್ಮ ಬಾಗಿಲು ಹಾಕಿಕೊಳ್ಳಲು ಹೋದರು. ಆಗ ಅವರಿಗೆ ತಮ್ಮ ಮನೆಯ ಮುಂದಿನ ಅಂಗಳ ಕಾಣಿಸಿತು. ನೂರು ಜನ ಕೂರಬಹುದಾದ ಅಂಗಳ. ಅದು ಪಟಾಲಮ್ಮನ ಜಾಗವಲ್ಲ, ಅವರ ಸ್ವಂತದ್ದು. ಕೊಟ್ಟ ಮಾತು ಉಳಿಸಿಕೊಳ್ಳಲು ಭವನವೇ ಏಕೆ ಬೇಕು?

ಮರುದಿನ ಸಂಜೆ ಆರೂವರೆಗೆ ಅವರು ಕೋಣೆಗಳ ಸಾಲಿಗೆ ಹೋದರು. ಸವಿತಾ ಆಗಷ್ಟೇ ಗಾರ್ಮೆಂಟ್ಸಿನಿಂದ ಬಂದಿದ್ದಳು. ಮುತ್ತು ಏಳು ಗಂಟೆಯ ಕಂಪನಿ ಬಸ್ಸಿಗೆ ಹೊರಡುವ ತಯಾರಿಯಲ್ಲಿದ್ದ. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿ ಕೂರಿಸಿದರು. ಭೀಮಪ್ಪನೂ ಪಕ್ಕದ ಕೋಣೆಯಿಂದ ಬಂದು ಹೊಸ್ತಿಲ ಮೇಲೆ ಕುಳಿತ.

ವಸಂತಮ್ಮ ಅಂಗಳದ ವಿಷಯ ಹೇಳಿದರು. ದೀಪದ ವ್ಯವಸ್ಥೆ ತಮ್ಮದೆಂದು, ಆಹ್ವಾನ ಪತ್ರಿಕೆ ತಾವೇ ಬರೆಯುವುದಾಗಿ, ಸಂಕ್ರಾಂತಿಯ ಆಚೆಗಿನ ಭಾನುವಾರ ಇಟ್ಟುಕೊಳ್ಳಬಹುದೆಂದು, ಒಂದಾದ ಮೇಲೊಂದು ಹೇಳಿದರು. ಮುತ್ತು ಅಂಗಿಯ ಗುಂಡಿ ಹಾಕುತ್ತ ಹೆಂಡತಿಯ ಮುಖ ನೋಡಿದ. ಅವಳು ಭೀಮಪ್ಪನ ಮುಖ ನೋಡಿದಳು.

"ಬ್ಯಾಡ್ರಿ ಅಕ್ಕೋರ" ಎಂದ ಭೀಮಪ್ಪ.

"ಏಕೆ? ಲಕ್ಷ್ಮಯ್ಯನವರ ಭಯವೆ? ಅವರು ಕೋಣೆ ಬಿಡಿಸಿದರೆ..."

"ಅವರದೇನ ಅಂಜಿಕಿರಿ. ಯುಗಾದಿಗೆ ನಾವ ಬಿಟ್ಟ ಹೊಂಟೀವಿ." ಅವನು ಕೈ ಮೇಲೆತ್ತಿ ಗುಡಿಯ ದಿಕ್ಕಿಗೆ ತೋರಿಸಿದ. "ಅಕಿ ಬ್ಯಾಡ ಅಂದ ಮ್ಯಾಲ ಎಲ್ಲಿ ಆಡಿದ್ರೂ ಅಪಚಾರ. ನಮ್ಮ ಹುಡುಗ್ರು ಯಾರೂ ಬಣ್ಣ ಹಚ್ಚಂಗಿಲ್ಲ. ಹೊಸ ಊರಿಗೆ ಹೋಗಾವ್ರು, ಮಶಿನ್ ಮುಂದ ನಿಲ್ಲಾವ್ರು. ಏನರ ಆತಂದ್ರ?"

"ಭೀಮಪ್ಪ, ಅದು ಒದ್ದೆ ಹೂವು. ನೀರು ಆರಿತು, ಬಿತ್ತು. ಪೂಜಾರಿ ಯಾವ ಕಡೆ ಗಟ್ಟಿಯಾಗಿ ಒತ್ತಿದನೋ ಯಾರು ಕಂಡರು?"

"ಇರ್ಬೋದ್ರಿ. ಪೂಜಾರಿ ಮಾತ ನಾನೂ ನಂಬಿದ್ದಿಲ್ಲ. ಲಕ್ಷ್ಮಯ್ಯನ ಮಾತಂತೂ ನಂಬಂಗಿಲ್ಲ." ಅವನು ವಸಂತಮ್ಮನವರ ಕಡೆ ತಿರುಗಿದ. "ನೀವು ಹೇಳಿದ್ರಲ್ರಿ. ನೀವು ನಮಗಾಗಿನೂ ಸುಳ್ಳ ಹೇಳಾವ್ರಲ್ಲ. ಅದಕ್ಕ ಎಲ್ಲಾರೂ ನಂಬ್ಯಾರ."

ತಮ್ಮ ಮಾತಿನ ಬೆಲೆಯನ್ನು ಇಷ್ಟು ವರ್ಷ ಕೂಡಿಟ್ಟದ್ದು ಇದಕ್ಕೇ ಎಂದು ವಸಂತಮ್ಮ ತಿಳಿದಿರಲಿಲ್ಲ. ಪೂಜಾರಿ ಹೇಳಿದ್ದರೆ ಈ ಜನ ಜಗಳವಾಡುತ್ತಿದ್ದರು, ಲಕ್ಷ್ಮಯ್ಯ ಹೇಳಿದ್ದರೆ ಬೈದುಕೊಂಡು ಅಂಗಳದಲ್ಲಾದರೂ ಆಡುತ್ತಿದ್ದರು. ಅವರು ಹೇಳಿದ್ದರಿಂದ ಎಲ್ಲ ಬಾಗಿಲೂ ಮುಚ್ಚಿತು.

"ಅಕ್ಕೋರ, ಒಂದ ಕೇಳ್ಲಿ?" ಸವಿತಾ ಒಳಗೆ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು. ಕೈಯಲ್ಲಿ ಗಂಡನ ಊಟದ ಡಬ್ಬಿ ಇತ್ತು.

"ಕೇಳಮ್ಮ."

"ನೀವು ಹೂವ ನಂಬಂಗಿಲ್ಲ. ಹೌದಲ್ರಿ?"

"ನಾಟಕ ಆರಿಸುವ ವಿಷಯದಲ್ಲಿ ಖಂಡಿತ ನಂಬುವುದಿಲ್ಲ."

"ಹಂಗಾರ ಅವತ್ತ 'ನನ್ನ ಕೇಳಬ್ಯಾಡ್ರಿ' ಅಂತ ಅನಬೇಕಿತ್ತಲ್ರಿ. ಯಾಕ ಹೇಳಿದ್ರಿ?"

ದನಿಯಲ್ಲಿ ಕೊಂಕಿರಲಿಲ್ಲ. ಲೆಕ್ಕ ತಿಳಿಯದ ಹುಡುಗಿ ಎದ್ದು ನಿಂತು ಕೇಳುವಂತೆ ಕೇಳಿದಳು. "ಏ, ಹಿರೇರಿಗೆ ಹಂಗ ಕೇಳ್ತಾರೇನ?" ಎಂದು ಮುತ್ತು ಗದರಿದ. "ತಿಳೀಲಿಲ್ಲ, ಕೇಳ್ದೆ" ಎಂದಳು ಅವಳು.

ಪ್ರಶ್ನೆ ಕೇಳಿದ್ದರಿಂದ ಹೇಳಿದೆ. ಸತ್ಯವಾದ್ದರಿಂದ ಹೇಳಿದೆ. ಗೊತ್ತಿದ್ದೂ ಸುಮ್ಮನಿರುವುದು ತಪ್ಪೆಂದು ನಾನೇ ಕಲಿಸಿದ್ದರಿಂದ ಹೇಳಿದೆ. ಒಂದೊಂದು ಉತ್ತರವೂ ವಸಂತಮ್ಮನವರ ನಾಲಿಗೆಯ ತುದಿಯವರೆಗೆ ಬಂತು, ಒಂದೊಂದೂ ಸರಿಯಾಗಿತ್ತು, ಒಂದನ್ನೂ ಈ ಹುಡುಗಿಯ ಮುಖ ನೋಡಿ ಹೇಳುವಂತಿರಲಿಲ್ಲ. ತಪ್ಪು ಪ್ರಶ್ನೆಗೆ ಉತ್ತರ ಕೊಡದೆ ಬಾಯಿ ಮುಚ್ಚಿ ನಿಲ್ಲಬಹುದೆಂದು ಅವರು ಯಾರಿಗೂ ಕಲಿಸಿರಲಿಲ್ಲ. ತಾವೂ ಕಲಿತಿರಲಿಲ್ಲ.

"ಸವಿತಾ" ಎಂದು ಕೊನೆಗೂ ಶುರುಮಾಡಿದರು.

ರಸ್ತೆಯ ತಿರುವಿನಲ್ಲಿ ಕಂಪನಿ ಬಸ್ಸು ಎರಡು ಸಲ ಹಾರನ್ ಹೊಡೆಯಿತು. ಮುತ್ತು ಚಪ್ಪಲಿ ಮೆಟ್ಟಿ ಓಡಿದ. ಡಬ್ಬಿ ಅವಳ ಕೈಯಲ್ಲೇ ಉಳಿದಿತ್ತು. "ಅಯ್ಯ, ಡಬ್ಬಿ!" ಎಂದು ಸವಿತಾ ಬರಿಗಾಲಿನಲ್ಲೇ ಅವನ ಹಿಂದೆ ಓಡಿದಳು. ಹೋಗುತ್ತ ಒಮ್ಮೆ ತಿರುಗಿ, "ಕುಂದರ್ರಿ ಅಕ್ಕೋರ, ಬಂದೆ" ಎಂದಳು.

ವಸಂತಮ್ಮ ಕುಳಿತೇ ಇದ್ದರು.